ಬಿಸಿ, ದಟ್ಟ ಪ್ಲಾಸ್ಮಾದಲ್ಲಿ ಆಘಾತ ತರಂಗ: ಸ್ಥಿರತೆಯ ಅಂಚು ಎಲ್ಲಿದೆ?

2022ರ ಡಿಸೆಂಬರ್ 5ರಂದು ಕ್ಯಾಲಿಫೋರ್ನಿಯಾದ ನ್ಯಾಷನಲ್ ಇಗ್ನಿಷನ್ ಫೆಸಿಲಿಟಿಯಲ್ಲಿ 192 ಲೇಸರ್ ಕಿರಣಗಳು 2.05 ಮೆಗಾಜೂಲ್ ಶಕ್ತಿ ಸುರಿದಾಗ 3.15 ಮೆಗಾಜೂಲ್ ಸಮ್ಮಿಳನ ಶಕ್ತಿ ಹೊರಬಂತು. ಆ ಸುದ್ದಿ ಎಲ್ಲರಿಗೂ ಗೊತ್ತು. ಅಷ್ಟಾಗಿ ಚರ್ಚೆಯಾಗದ ಸಂಗತಿ ಇನ್ನೊಂದಿದೆ. ಇಂಧನ ತುಂಬಿದ ಗುಳಿಗೆಯ, ಸುಮಾರು 80 ಮೈಕ್ರಾನ್ ದಪ್ಪದ ವಜ್ರದ ಚಿಪ್ಪಿನೊಳಗೆ ಒಂದರ ಬೆನ್ನಿಗೆ ಒಂದರಂತೆ ಹೊರಟ ಆಘಾತ ತರಂಗಗಳು (ಶಬ್ದಕ್ಕಿಂತ ವೇಗವಾಗಿ ಸಾಗುತ್ತಾ ಒತ್ತಡವನ್ನು ದಿಢೀರನೆ ಏರಿಸುವ ಅಲೆಗಳು) ಒಳಗಿನ ಇಂಧನವನ್ನು ಹದವಾಗಿ ಒತ್ತದಿದ್ದರೆ ಇದು ಆಗುತ್ತಿರಲಿಲ್ಲ. ಯಾವ ತರಂಗ ಯಾವುದನ್ನು ಎಲ್ಲಿ ಹಿಡಿಯಬೇಕು ಎಂಬುದನ್ನು ಹತ್ತಾರು ಪಿಕೊಸೆಕೆಂಡ್‌ಗಳ ಲೆಕ್ಕದಲ್ಲಿ ಹೊಂದಿಸುತ್ತಾರೆ. ಹೊತ್ತು ಸರಿಯಿದ್ದು ಆಕಾರ ಕೆಟ್ಟರೂ ಕೆಲಸ ಕೆಟ್ಟಂತೆಯೇ. ಆಘಾತಮುಖದ, ಅಂದರೆ ತರಂಗದ ಮುಂಚೂಣಿಯ, ಮೇಲೆ ಸುಕ್ಕು ಬಿದ್ದರೆ ಆ ಸುಕ್ಕು ಇಂಧನದ ಮೇಲೂ ಅಚ್ಚೊತ್ತುತ್ತದೆ. ಮುಂದೆ ರಿಕ್ಟ್‌ಮೈಯರ್–ಮೆಷ್ಕೋವ್ ಮತ್ತು ರೇಲೀ–ಟೇಲರ್ ಅಸ್ಥಿರತೆಗಳಿಗೆ, ಅಂದರೆ ಎರಡು ಪದಾರ್ಥಗಳ ಗಡಿಯ ಸಣ್ಣ ಸುಕ್ಕು ಬೆಳೆದು ಅವು ಬೆರೆತುಹೋಗುವುದಕ್ಕೆ, ಅದೇ ಬೀಜ.

ಹಾಗಾದರೆ ಸುಕ್ಕುಬಿದ್ದ ಆಘಾತಮುಖ ತಾನಾಗಿಯೇ ನೆಟ್ಟಗಾಗುತ್ತದೆಯೇ? ಗಾಳಿಯಲ್ಲಾದರೆ ಆಗುತ್ತದೆ, ಅನುಮಾನವಿಲ್ಲ. ಲಕ್ಷಾಂತರ ಡಿಗ್ರಿ ಕಾವಿನ, ಮೂಲ ಘನವಸ್ತುವಿಗಿಂತ ನಾಲ್ಕೈದು ಪಟ್ಟು ದಟ್ಟವಾದ ಪ್ಲಾಸ್ಮಾದಲ್ಲಿ ಉತ್ತರ ಅಷ್ಟು ಸಲೀಸಲ್ಲ. ಅಲ್ಲಿ ಪ್ರಬಲ ಆಘಾತ ನಿಂತಿರುವುದೇ ಅಂಚಿನ ಮೇಲೆ. ಯಾವ ಕಡೆ ವಾಲುತ್ತದೆ ಎಂಬುದನ್ನು ಆಘಾತದ ಬಲ ತೀರ್ಮಾನಿಸುವುದಿಲ್ಲ, ಪದಾರ್ಥದ ಒತ್ತಡ, ಸಾಂದ್ರತೆ, ಶಕ್ತಿಗಳ ಸಂಬಂಧ ಹೇಳುವ ಸ್ಥಿತಿ ಸಮೀಕರಣ ತೀರ್ಮಾನಿಸುತ್ತದೆ. ಅದೂ ದಶಮಾಂಶದ ನಂತರದ ಎರಡನೆಯ, ಮೂರನೆಯ ಅಂಕಿಯಲ್ಲಿ.

ಮುಖ ನೆಟ್ಟಗಾಗುವ ಬಗೆ

ಆಘಾತಮುಖದ ಒಂದು ಭಾಗ ಹಿಂದೆ ಬಿದ್ದಿದೆ ಎನ್ನೋಣ. ಅಲ್ಲಿ ಮುಖ ಬಟ್ಟಲಿನಂತೆ ಒಳಬಾಗಿರುತ್ತದೆ, ಆದ್ದರಿಂದ ಅಕ್ಕಪಕ್ಕದ ತುಂಡುಗಳು ಒಂದೇ ಕಡೆಗೆ ಗುರಿಯಿಟ್ಟು ಸಾಗುತ್ತವೆ. ಒತ್ತಡ ಏರುತ್ತದೆ, ಹಿಂದುಳಿದ ಭಾಗ ವೇಗ ಪಡೆಯುತ್ತದೆ. ಮುಂದೆ ಉಬ್ಬಿದ ಭಾಗದಲ್ಲಿ ಇದರ ತದ್ವಿರುದ್ಧ: ತುಂಡುಗಳು ಚದುರುತ್ತವೆ, ಒತ್ತಡ ಕುಸಿಯುತ್ತದೆ, ವೇಗ ತಗ್ಗುತ್ತದೆ. ಹಿಂದಿನದು ಮುಂದಿನದನ್ನು ಹಿಡಿದು, ದಾಟಿ, ಮತ್ತೆ ಹಿಂದೆ ಬೀಳುತ್ತದೆ. ಹೀಗೆ ಮುಖ ತೂಗಾಡುವಾಗಲೆಲ್ಲ ಹಿಂಬದಿಯ ಪ್ಲಾಸ್ಮಾದೊಳಕ್ಕೆ ಶಬ್ದ ತರಂಗಗಳು ಹೊರಡುತ್ತವೆ. ತೂಗಾಟದ ಶಕ್ತಿಯನ್ನು ಅವು ಹೊತ್ತೊಯ್ದಷ್ಟೂ ಸುಕ್ಕು ಇಳಿಯುತ್ತದೆ. ಮುಖ ಮತ್ತು ಹಿಂಬದಿಯ ಶಬ್ದ, ಇವೆರಡರ ನಡುವಿನ ಈ ಕೊಡು-ಕೊಳ್ಳುವಿಕೆ ಯಾವಾಗ ಕೈಕೊಡುತ್ತದೆ ಎಂಬುದೇ ಸ್ಥಿರತೆಯ ಸಿದ್ಧಾಂತ.

1954ರಲ್ಲಿ ಸೋವಿಯತ್ ಭೌತವಿಜ್ಞಾನಿ ಡ್ಯಾಕೋವ್ ಇದಕ್ಕೊಂದು ಅಳತೆಗೋಲು ಕೊಟ್ಟರು. 1957ರಲ್ಲಿ ಕೊಂಟೊರೊವಿಚ್ ಅದರ ಒಂದು ಗಡಿಯನ್ನು ತಿದ್ದಿದರು. ಒತ್ತಡ ಮತ್ತು ಗಾತ್ರದ ನಕ್ಷೆಯಲ್ಲಿ, ಒಂದೇ ಆರಂಭಸ್ಥಿತಿಯಿಂದ ಒಂದೇ ಆಘಾತದಲ್ಲಿ ಮುಟ್ಟಬಹುದಾದ ಎಲ್ಲ ಬಿಂದುಗಳನ್ನು ಜೋಡಿಸಿದರೆ ಸಿಗುವುದು ಹ್ಯೂಗೊನಿಯೋ ವಕ್ರರೇಖೆ. ಆರಂಭದ ಬಿಂದುವಿನಿಂದ ಅಂತಿಮ ಬಿಂದುವಿಗೆ ಎಳೆದ ನೇರ ಗೆರೆ ರೇಲೀ ಗೆರೆ. ರೇಲೀ ಗೆರೆಯ ಇಳಿಜಾರಿನ ಪರಿಮಾಣವನ್ನು ಆ ಬಿಂದುವಿನಲ್ಲಿನ ಹ್ಯೂಗೊನಿಯೋ ಇಳಿಜಾರಿನಿಂದ, ಅದರ ಚಿಹ್ನೆಯ ಸಮೇತ, ಭಾಗಿಸಿದರೆ ಬರುವ ಸಂಖ್ಯೆಯನ್ನು ‘ಎಚ್’ ಎನ್ನುತ್ತಾರೆ. ಒತ್ತಡ ಏರಿದಂತೆ ಗಾತ್ರ ಕುಗ್ಗುವ ಮಾಮೂಲಿ ಸಂದರ್ಭದಲ್ಲಿ ಎಚ್ ಋಣಾತ್ಮಕ.

ಎಚ್ –1ಕ್ಕಿಂತ ಕೆಳಗಿಳಿದರೆ ಆಘಾತ ಒಂದಾಗಿ ಉಳಿಯುವುದಿಲ್ಲ, ಎರಡಾಗಿ ಸೀಳುತ್ತದೆ. ಘನ ಕಬ್ಬಿಣದಲ್ಲಿ 13 ಗಿಗಾಪಾಸ್ಕಲ್ ಬಳಿ ಸ್ಫಟಿಕ ರಚನೆ ಬದಲಾಗುವಾಗ ಕಾಣುವ ಜೋಡಿ ತರಂಗ ಇಂಥದ್ದೇ. ಇನ್ನೊಂದು ತುದಿಯಲ್ಲಿ, 1ಕ್ಕೆ ಹಿಂಬದಿಯ ಮಾಕ್ ಸಂಖ್ಯೆಯ (ಮುಖದಿಂದ ಹಿಂದಕ್ಕೆ ಹರಿಯುವ ವೇಗ ÷ ಅಲ್ಲಿನ ಶಬ್ದವೇಗ) ಎರಡರಷ್ಟನ್ನು ಕೂಡಿಸಿದಾಗ ಬರುವ ಮೌಲ್ಯವನ್ನು ಎಚ್ ಮೀರಿದರೆ ಸುಕ್ಕು ಘಾತೀಯವಾಗಿ ಬೆಳೆಯುತ್ತದೆ. ಪ್ರಬಲ ಆಘಾತಕ್ಕೆ ಈ ಮೇಲ್ಗಡಿ ಸುಮಾರು 1.9. ಬಿಸಿ ಪ್ಲಾಸ್ಮಾದಲ್ಲಿ ಎಚ್ ಅದರ ಹತ್ತಿರಕ್ಕೂ ಸುಳಿಯುವುದಿಲ್ಲ, ಆದ್ದರಿಂದ ಈ ಎರಡು ತುದಿಗಳನ್ನು ಇಲ್ಲಿಗೇ ಬಿಡಬಹುದು.

ವಿಷಯವಿರುವುದು ನಡುವಿನ ಗಡಿಯಲ್ಲಿ. ಅದನ್ನು ‘ಎಚ್-ಗಡಿ’ ಎನ್ನೋಣ. ಎಚ್ ಅದನ್ನು ದಾಟಿದರೆ ಸುಕ್ಕು ಬೆಳೆಯುವುದೂ ಇಲ್ಲ, ಸಾಯುವುದೂ ಇಲ್ಲ. ಹಿಂದಿನಿಂದ ಬಂದು ಮುಖಕ್ಕೆ ಬಡಿಯುವ ಶಬ್ದ ತರಂಗದ ಪ್ರತಿಫಲನ ಗುಣಾಂಕ ಯಾವುದೋ ಒಂದು ಕೋನದಲ್ಲಿ ಅನಂತವಾಗುತ್ತದೆ. ಅಂದರೆ ಒಳಗೆ ಬರುವ ತರಂಗವೇ ಇಲ್ಲದೆ ಮುಖವೇ ಶಬ್ದ ಹೊರಡಿಸುತ್ತಾ ಹೋಗುತ್ತದೆ. ಇದಕ್ಕೆ ಸ್ವಯಂಪ್ರೇರಿತ ಶಬ್ದ ಉತ್ಸರ್ಜನೆ ಎಂದು ಹೆಸರು. ‘ಅಸ್ಥಿರತೆ’ ಎಂಬ ಪದ ಇದಕ್ಕೆ ತುಸು ದೊಡ್ಡದೇ ಆಯಿತು. ಆದರೆ ಸುಕ್ಕು ಇಳಿಯುತ್ತದೆ ಎಂಬ ಭರವಸೆಯ ಮೇಲೆ ಗುಳಿಗೆ ಕಟ್ಟುವವರಿಗೆ, ಇಳಿಯದ ಸುಕ್ಕೂ ತೊಂದರೆಯೇ.

ಆದರ್ಶ ಅನಿಲವೇ ಅಂಚಿನಲ್ಲಿದೆ

ಆದರ್ಶ ಅನಿಲಕ್ಕೆ ಎರಡೂ ಸಂಖ್ಯೆಗಳು ಒಂದೇ ಸಾಲಿನಲ್ಲಿ ಸಿಗುತ್ತವೆ. ಆಘಾತದ ಮಾಕ್ ಸಂಖ್ಯೆ ‘ಮ’ ಆದರೆ ಎಚ್ = –1 ÷ ಮ², ಎಚ್-ಗಡಿ = –1 ÷ (2ಮ² – 1). ಮ 3 ಇದ್ದಾಗ ಇವು –0.111 ಮತ್ತು –0.059. ಮ 10 ಆದಾಗ –0.010 ಮತ್ತು –0.005. ಎಚ್ ಯಾವತ್ತೂ ಗಡಿಗಿಂತ ಕೆಳಗೇ ಇದೆ, ಆದ್ದರಿಂದ ಆದರ್ಶ ಅನಿಲದಲ್ಲಿ ಆಘಾತ ಸದಾ ಸ್ಥಿರ. ಆದರೆ ಅಂತರ ನೋಡಿ: ಬಲ ಹೆಚ್ಚಿದಂತೆ ಎರಡೂ ಸೊನ್ನೆಯತ್ತ ಓಡುತ್ತವೆ. ಅತಿ ಪ್ರಬಲ ಆಘಾತದಲ್ಲಿ ಸ್ಥಿರತೆಯ ಮೀಸಲು ಎಂಬುದೇ ಉಳಿಯುವುದಿಲ್ಲ. ಹೀಗಾಗಿ ಪದಾರ್ಥ ಆದರ್ಶ ಅನಿಲದಿಂದ ಕೂದಲೆಳೆಯಷ್ಟು ಬೇರೆಯಾದರೂ ಆ ಕೂದಲೆಳೆಯೇ ತೀರ್ಪು ಕೊಡುತ್ತದೆ.

ಬಿಸಿ ಪ್ಲಾಸ್ಮಾ ಬೇರೆಯಾಗುವುದು ಮುಖ್ಯವಾಗಿ ಅಯಾನೀಕರಣದಿಂದ. ಆಘಾತ ಕೊಟ್ಟ ಶಕ್ತಿಯಲ್ಲಿ ಒಂದು ಪಾಲು ಕಣಗಳ ಚಲನೆಗೆ ಹೋಗದೆ ಎಲೆಕ್ಟ್ರಾನ್‌ಗಳನ್ನು ಕೀಳುವುದಕ್ಕೆ ಖರ್ಚಾಗುತ್ತದೆ. ಆ ಪಾಲು ಒತ್ತಡ ಕೊಡುವುದಿಲ್ಲ, ಆದ್ದರಿಂದ ಪದಾರ್ಥ ಹೆಚ್ಚು ಒತ್ತಿಕೊಳ್ಳುತ್ತದೆ. ಪ್ರಬಲ ಆಘಾತದ ಶಕ್ತಿ ಸಮೀಕರಣದಿಂದ ನೇರವಾಗಿ ಬರುವ ಲೆಕ್ಕ ಹೀಗಿದೆ: ಸಂಪೀಡನ ಅನುಪಾತ, ಅಂದರೆ ಸಾಂದ್ರತೆ ಎಷ್ಟು ಪಟ್ಟಾಯಿತು ಎಂಬುದು, ‘ಸ’ ಆದರೆ,

ಸ = 4 + 2 × (ಅಯಾನೀಕರಣ ಮತ್ತು ಉದ್ರೇಕದ ಶಕ್ತಿ ÷ ಒತ್ತಡ-ಗಾತ್ರದ ಗುಣಲಬ್ಧ) + (ಕೂಲಂಬ್ ಶಕ್ತಿ ÷ ಒತ್ತಡ-ಗಾತ್ರದ ಗುಣಲಬ್ಧ)

ಕೂಲಂಬ್ ಶಕ್ತಿ, ಅಂದರೆ ವಿದ್ಯುದಾವೇಶಗಳ ಸೆಳೆತ-ತಳ್ಳಾಟದ ಶಕ್ತಿ, ಋಣಾತ್ಮಕ, ಅದು ಸಂಪೀಡನವನ್ನು ತಗ್ಗಿಸುತ್ತದೆ. ಇಂಗಾಲವನ್ನು ತೆಗೆದುಕೊಳ್ಳೋಣ. ಅದರ ಆರೂ ಎಲೆಕ್ಟ್ರಾನ್‌ಗಳನ್ನು ಕೀಳಲು ಬಿಡಿ ಪರಮಾಣುವಿಗೆ 1,030 ಎಲೆಕ್ಟ್ರಾನ್ ವೋಲ್ಟ್ ಬೇಕು. ಹೊರಗಿನ ನಾಲ್ಕಕ್ಕೆ ಕೇವಲ 148, ಒಳಕವಚದ ಎರಡಕ್ಕೇ ಉಳಿದ 882. ತಾಪ (ಅದನ್ನೂ ಇದೇ ಶಕ್ತಿ ಮಾನದಲ್ಲಿ ಹೇಳುವುದು ವಾಡಿಕೆ) 1,000 ಎಲೆಕ್ಟ್ರಾನ್ ವೋಲ್ಟ್ ಆಗಿ ಎಲ್ಲವೂ ಕಿತ್ತುಬಂದಿದ್ದರೆ ಪ್ರತಿ ಪರಮಾಣುವಿಗೆ ಏಳು ಕಣಗಳು, ಒತ್ತಡ-ಗಾತ್ರದ ಗುಣಲಬ್ಧ 7,000, ಕೂಲಂಬ್ ಪಾಲನ್ನು ಬಿಟ್ಟರೆ ಸ = 4.29. ಇನ್ನೂ ಬಿಸಿ ಮಾಡಿದರೆ 4ರತ್ತ ಜಾರುತ್ತದೆ. ತಣ್ಣಗಿನ ಕಡೆಗೆ ಬಂದು ಒಳಕವಚ ಅರ್ಧ ಒಡೆದಿರುವ ಜಾಗಕ್ಕೆ ಹೋದರೆ ಸ ಇನ್ನೂ ಹೆಚ್ಚಿರುತ್ತದೆ. ಅಂದರೆ ಹ್ಯೂಗೊನಿಯೋ ಒಂದು ಕಡೆ ಗರಿಷ್ಠ ಸಂಪೀಡನ ಮುಟ್ಟಿ ಹಿಂದಕ್ಕೆ ತಿರುಗಲೇಬೇಕು. ಪ್ಲಾಸ್ಟಿಕ್ ಗೋಳಗಳ ಮೇಲೆ 100ರಿಂದ 450 ಮೆಗಾಬಾರ್ (ಒಂದು ಮೆಗಾಬಾರ್ ಎಂದರೆ ವಾಯುಭಾರದ ಸುಮಾರು ಹತ್ತು ಲಕ್ಷ ಪಟ್ಟು) ಒತ್ತಡದಲ್ಲಿ ನಡೆಸಿ 2020ರಲ್ಲಿ ಪ್ರಕಟವಾದ ಅಳತೆಗಳಲ್ಲಿ ಇಂಗಾಲದ ಒಳಕವಚದ ಈ ಗುರುತು ಕಂಡಿದೆ. ಶ್ವೇತಕುಬ್ಜ ನಕ್ಷತ್ರಗಳ ಹೊರಪದರದಲ್ಲಿ ಇರುವ ಒತ್ತಡವೂ ಇದೇ ಮಟ್ಟದ್ದು.

ತಿರುವು ದಾಟಿದ ಮೇಲೆ ಒತ್ತಡ ಏರಿದರೆ ಗಾತ್ರವೂ ಏರುತ್ತದೆ. ಎಚ್ ಧನಾತ್ಮಕವಾಗುತ್ತದೆ. ‘ಹಾಗಾದರೆ ಗಡಿ ದಾಟಿಯೇ ಬಿಟ್ಟಿತು’ ಎಂದು ಇಲ್ಲಿ ಆತುರಪಡುವವರು ಬಹಳ, ಯಾಕೆಂದರೆ ಆದರ್ಶ ಅನಿಲದ ಗಡಿ ಸೊನ್ನೆ. ಆದರೆ ಗಡಿಯೂ ಪದಾರ್ಥದ ಜೊತೆ ಸರಿದಿರುತ್ತದೆ ಎಂಬುದನ್ನು ಮರೆಯಬಾರದು.

ಒಂದು ಬಿಂದುವಿನ ಲೆಕ್ಕ

ಪ್ರಬಲ ಆಘಾತಕ್ಕೆ ಎರಡೂ ಸಂಖ್ಯೆಗಳನ್ನು ಬಳಕೆಗೆ ಒಗ್ಗುವಂತೆ ಬರೆಯಬಹುದು. ಹಿಂಬದಿಯ ಶಬ್ದವೇಗದ ವರ್ಗವನ್ನು ಒತ್ತಡ-ಗಾತ್ರದ ಗುಣಲಬ್ಧದಿಂದ ಭಾಗಿಸಿದರೆ ಬರುವುದು ‘ಗಾಮಾ’. ಆಗ

ಎಚ್ = –(ಒತ್ತಡದ ಲಾಗ್ ಒಂದು ಏರಿದಾಗ ಸ ಬದಲಾಗುವ ದರ) ÷ [ಸ × (ಸ – 1)]

ಎಚ್-ಗಡಿ = [ಗಾಮಾ – (ಸ + 1) ÷ (ಸ – 1)] ÷ (ಗಾಮಾ + 1)

ಇಲ್ಲಿನ ಲಾಗ್ ಸ್ವಾಭಾವಿಕ ಲಾಗ್. ತಿರುವಿನ ಆಚೆ ಒತ್ತಡ ಮೂರು ಪಟ್ಟಾಗುವಷ್ಟರಲ್ಲಿ ಸ 5ರಿಂದ 4.5ಕ್ಕೆ ಇಳಿಯಿತು ಎಂದಿಟ್ಟುಕೊಳ್ಳಿ. 3ರ ಲಾಗ್ 1.099, ಹಾಗಾಗಿ ದರ –0.455. ನಡುವಿನ ಬಿಂದು 4.75ರಲ್ಲಿ ಛೇದ 17.8, ಎಚ್ = 0.026. ಇನ್ನು ಗಡಿ. (ಸ + 1) ÷ (ಸ – 1) = 1.533. ಅಯಾನೀಕರಣ ಪೂರ್ತಿ ಮುಗಿದಿದ್ದು ಗಾಮಾ 1.667 ಆಗಿದ್ದರೆ ಗಡಿ 0.050, ಎಚ್ ಅದರ ಅರ್ಧದಷ್ಟು, ಆಘಾತ ಸ್ಥಿರ. ಗಾಮಾ 1.62 ಆದರೆ ಗಡಿ 0.033, ಈಗಲೂ ಸ್ಥಿರ. 1.58 ಆದರೆ ಗಡಿ 0.018, ಎಚ್ ದಾಟಿತು. ಸರಿಯಾಗಿ ಗಡಿಯ ಮೇಲೆ ಬೀಳುವುದು 1.60ರಲ್ಲಿ. 1.60ಕ್ಕೂ 1.62ಕ್ಕೂ ನಡುವೆ ಶಬ್ದವೇಗದ ವ್ಯತ್ಯಾಸ ಶೇಕಡಾ 0.6 ಮಾತ್ರ. ಇಡೀ ತೀರ್ಪು ಅಷ್ಟರ ಮೇಲೆ ನಿಂತಿದೆ.

ಬೀಜಗಣಿತವನ್ನು ಕೊನೆಯವರೆಗೆ ಎಳೆದರೆ ಒಂದು ಚೆಂದದ ಫಲಿತಾಂಶ ಸಿಗುತ್ತದೆ. ಪ್ರಬಲ ಆಘಾತದ ಮಿತಿಯಲ್ಲಿ ಸ ಎಂಬುದೇ ಗಡಿಯಿಂದ ಮಾಯವಾಗಿ, ‘ಗಾಮಾ = 1 + ಗ್ರುನೈಸನ್ ಸಂಖ್ಯೆ’ ಎಂಬಷ್ಟೇ ಉಳಿಯುತ್ತದೆ. ಗಾತ್ರ ಬದಲಿಸದೆ ಒಳಶಕ್ತಿ ಹೆಚ್ಚಿಸಿದಾಗ ಒತ್ತಡ ಎಷ್ಟು ಏರುತ್ತದೆ ಎಂಬುದರ ಅಳತೆಯೇ ಗ್ರುನೈಸನ್ ಸಂಖ್ಯೆ. ಮೇಲಿನ ಉದಾಹರಣೆಯಲ್ಲಿ ಗಡಿಯ ಮೇಲಿನ ಗ್ರುನೈಸನ್ ಸಂಖ್ಯೆ 0.60, ತಾಳೆಯಾಗುತ್ತದೆ. ಇದನ್ನು ಭೌತಿಕ ಪ್ರಶ್ನೆಯಾಗಿ ಕೇಳುವುದಾದರೆ: ಒಳಶಕ್ತಿಯನ್ನು ಬದಲಿಸದೆ ಪದಾರ್ಥವನ್ನು ಸ್ವಲ್ಪ ಹಿಸುಕಿದಾಗ ಒತ್ತಡ-ಗಾತ್ರದ ಗುಣಲಬ್ಧ ಏರುತ್ತದೋ, ಇಳಿಯುತ್ತದೋ? ಏರಿದರೆ ಸುಕ್ಕು ಆರುತ್ತದೆ. ಇಳಿದರೆ ಮುಖ ತಾನಾಗಿ ಶಬ್ದ ಹೊರಡಿಸುತ್ತದೆ. ಆದರ್ಶ ಅನಿಲದಲ್ಲಿ ಅದು ಕದಲುವುದೇ ಇಲ್ಲ, ಆದ್ದರಿಂದಲೇ ಅಂಚಿನ ಮೇಲೆ ಕೂತಿದೆ.

ಈ ಒಂದು ಪ್ರಶ್ನೆ ಕೈಯಲ್ಲಿದ್ದರೆ ಪ್ಲಾಸ್ಮಾದ ಒಂದೊಂದು ಗುಣವನ್ನೂ ಬೇರೆಬೇರೆಯಾಗಿ ತೂಗಬಹುದು. ಹಿಸುಕಿದಾಗ ಕೂಲಂಬ್ ಶಕ್ತಿ ಇನ್ನಷ್ಟು ಕೆಳಗಿಳಿಯುತ್ತದೆ, ಉಳಿದ ಶಕ್ತಿ ಚಲನೆಗೆ ಹೋಗಿ ಗುಣಲಬ್ಧ ಏರುತ್ತದೆ: ಸ್ಥಿರತೆಯ ಕಡೆ. ವಿಕಿರಣ ಒತ್ತಡ ಗಣನೀಯವಾಗಿರುವಲ್ಲಿ ಗಾತ್ರ ತಗ್ಗಿದರೆ ವಿಕಿರಣದ ಪಾಲೂ ತಗ್ಗುತ್ತದೆ: ಅದೂ ಸ್ಥಿರತೆಯ ಕಡೆ. ಎಲೆಕ್ಟ್ರಾನ್‌ಗಳ ಕ್ವಾಂಟಂ ಅವನತಿ (ಒಂದೇ ಸ್ಥಿತಿಯಲ್ಲಿ ಎರಡು ಕೂರಲಾಗದೆ, ದಟ್ಟಣೆಯಿಂದಲೇ ಬರುವ ಒತ್ತಡ) ತಟಸ್ಥ, ಏಕೆಂದರೆ ಬೆಳಕಿನ ವೇಗದ ಹತ್ತಿರ ಹೋಗದಿರುವ ತನಕ ಫರ್ಮಿ ಅನಿಲಕ್ಕೂ ಒತ್ತಡ ಮತ್ತು ಚಲನಶಕ್ತಿಯ ಸಂಬಂಧ ಅದೇ ಮೂರನೇ ಎರಡು. ಒಂದೇ ಹಂತದ ಸಾಹಾ ಅಯಾನೀಕರಣವೂ (ತಾಪ ಮತ್ತು ಸಾಂದ್ರತೆಯ ಸಮತೋಲ ನಿರ್ಧರಿಸುವ ಅಯಾನೀಕರಣ), ಆಶ್ಚರ್ಯವೆನಿಸಿದರೂ, ಸ್ಥಿರತೆಯ ಕಡೆಗೇ ಇದೆ: ಹಿಸುಕಿದರೆ ಎಲೆಕ್ಟ್ರಾನ್‌ಗಳು ಅಯಾನುಗಳಿಗೆ ಮರಳುತ್ತವೆ, ಕಟ್ಟಿಹಾಕಿದ್ದ ಶಕ್ತಿ ಬಿಡುಗಡೆಯಾಗುತ್ತದೆ, ಗುಣಲಬ್ಧ ಏರುತ್ತದೆ. ಬರೀ ‘ಅಯಾನೀಕರಣ ಅಸ್ಥಿರತೆ ತರುತ್ತದೆ’ ಎಂಬ ಮಾತು ಅಷ್ಟರಮಟ್ಟಿಗೆ ಸಡಿಲ.

ಎದುರು ದಿಕ್ಕಿಗೆ ಎಳೆಯುವುವು ಎರಡು. ಮೊದಲನೆಯದು, ಹಲವು ಶಕ್ತಿ ಮಟ್ಟಗಳು ಒಟ್ಟಿಗೆ ಅಲುಗುವುದು: ಅಯಾನುಗಳಲ್ಲಿ ಉದ್ರೇಕಗೊಂಡ ಸ್ಥಿತಿಗಳು ತುಂಬಿರುವುದು, ಅಥವಾ ಒಂದು ಕವಚ ಮುಗಿದು ಅದಕ್ಕಿಂತ ಬಹಳ ಆಳದ ಕವಚ ತೆರೆಯುವ ಹೊತ್ತು. ಹಿಸುಕಿದಾಗ ಅಗ್ಗದ ಎಲೆಕ್ಟ್ರಾನ್ ಮರಳಿ, ಅದರಿಂದ ಏರಿದ ತಾಪ ದುಬಾರಿ ಮಟ್ಟಕ್ಕೆ ಶಕ್ತಿ ತುಂಬಿದರೆ ಗುಣಲಬ್ಧ ಇಳಿಯಬಹುದು. ಎರಡನೆಯದು ಒತ್ತಡ ಅಯಾನೀಕರಣ: ದಟ್ಟಣೆ ಹೆಚ್ಚಿ ಅಯಾನುಗಳು ಒಂದರ ಮೇಲೊಂದು ಒರಗಿದಾಗ ಹೊರ ಎಲೆಕ್ಟ್ರಾನ್‌ಗೆ ಕೂರಲು ಜಾಗವಿಲ್ಲದೆ ಅದು ಕಿತ್ತುಬರುವುದು. ಆಗ ಹಿಸುಕುವುದೇ ಅಯಾನೀಕರಣವನ್ನು ಹೆಚ್ಚಿಸುತ್ತದೆ. ಬಿಸಿ ಮತ್ತು ದಟ್ಟಣೆ ಎರಡೂ ಸೇರಿದ ಪ್ಲಾಸ್ಮಾದ ವಿಶೇಷ ಇದೇ: ಮೇಲೆ ಹೇಳಿದ ಎಲ್ಲ ಪರಿಣಾಮಗಳೂ ಒಂದೇ ಮಟ್ಟದಲ್ಲಿ ಇರುತ್ತವೆ, ಒಂದನ್ನೊಂದು ಬಹುಮಟ್ಟಿಗೆ ಕಳೆಯುತ್ತವೆ, ಉಳಿಯುವ ಚಿಲ್ಲರೆಯಿಂದ ತೀರ್ಪಾಗುತ್ತದೆ.

ಗಡಿ ದಾಟದಿದ್ದರೂ ಪರಿಣಾಮವಿದೆ

ಎಚ್ ಗಡಿಗಿಂತ ಸಾಕಷ್ಟು ಕೆಳಗಿದ್ದರೆ ಸುಕ್ಕಿನ ಎತ್ತರ ಕೊನೆಗೆ ಸಮಯದ 3/2 ಘಾತಕ್ಕೆ ವಿಲೋಮವಾಗಿ ಇಳಿಯುತ್ತದೆ. ಸರಿಯಾಗಿ ಗಡಿಯ ಮೇಲಿದ್ದರೆ ಸಮಯದ ವರ್ಗಮೂಲಕ್ಕೆ ವಿಲೋಮವಾಗಿ ಮಾತ್ರ. ಗಡಿಗೆ ಹತ್ತಿರವಿದ್ದಷ್ಟೂ ಈ ನಿಧಾನದ ಇಳಿತ ಹೆಚ್ಚು ಹೊತ್ತು ನಡೆದು, ಆಮೇಲಷ್ಟೇ ವೇಗದ ಇಳಿತ ಶುರುವಾಗುತ್ತದೆ. 50 ಮೈಕ್ರಾನ್ ತರಂಗದೂರದ ಸುಕ್ಕು ಸೆಕೆಂಡಿಗೆ 50 ಕಿಲೋಮೀಟರ್ ವೇಗದ ಆಘಾತದ ಮೇಲೆ ಕೂತು 100 ಮೈಕ್ರಾನ್ ಸಾಗಿತು ಎನ್ನಿ. ಹಿಡಿಯುವ ಕಾಲ 2 ನ್ಯಾನೊಸೆಕೆಂಡ್. ದೂರವನ್ನು ತರಂಗದೂರದಿಂದ ಭಾಗಿಸಿ 2 ಪೈಯಿಂದ ಗುಣಿಸಿದರೆ 12.6. ಗುಣಕಗಳನ್ನು ಒಂದೆಂದೇ ಹಿಡಿದರೆ ಮೊದಲ ನಿಯಮದಲ್ಲಿ ಸುಕ್ಕು ಶೇಕಡಾ 2ಕ್ಕೆ ಇಳಿದಿರುತ್ತದೆ, ಎರಡನೆಯದರಲ್ಲಿ ಶೇಕಡಾ 28ರಲ್ಲೇ ನಿಂತಿರುತ್ತದೆ. ಗುಳಿಗೆಯ ಚಿಪ್ಪಿನ ದಪ್ಪ ಇದೇ ಅಳತೆಯದು. ಆದ್ದರಿಂದ ವಿನ್ಯಾಸಕಾರರಿಗೆ ‘ದಾಟಿತೋ ಇಲ್ಲವೋ’ ಎನ್ನುವುದಕ್ಕಿಂತ ‘ಎಷ್ಟು ಹತ್ತಿರ’ ಎನ್ನುವುದೇ ಹೆಚ್ಚು ಉಪಯೋಗದ ಪ್ರಶ್ನೆ.

ಕೋಷ್ಟಕದಲ್ಲಿ ಎಡವುವ ಜಾಗಗಳು

ಸ್ಥಿತಿ ಸಮೀಕರಣ ಸಾಮಾನ್ಯವಾಗಿ ಕೋಷ್ಟಕವಾಗಿ ಸಿಗುತ್ತದೆ. ಲಾಸ್ ಅಲಾಮೋಸ್‌ನ ಸೆಸಮಿ ಕೋಷ್ಟಕಗಳು ಹೆಚ್ಚು ಬಳಕೆಯಲ್ಲಿವೆ. ಸಾಂದ್ರತೆ ಮತ್ತು ತಾಪದ ಜಾಲದ ಮೇಲೆ ಒತ್ತಡ, ಒಳಶಕ್ತಿ ಇರುತ್ತವೆ. ಎಚ್ ಬೇಕೆಂದರೆ ಮೊದಲು ಪ್ರತಿ ತಾಪಕ್ಕೂ ಶಕ್ತಿ ಸಮೀಕರಣ ಬಿಡಿಸಿ ಸ ಪಡೆಯಬೇಕು, ಅದನ್ನು ಒತ್ತಡದ ಲಾಗ್‌ನ ಎದುರು ನುಣುಪಾದ ಸ್ಪ್ಲೈನ್‌ನಿಂದ ಹೆಣೆದು ಇಳಿಜಾರು ತೆಗೆಯಬೇಕು.

ಎರಡು ಜಾಲಬಿಂದುಗಳ ನಡುವೆ ನೇರ ಗೆರೆ ಎಳೆಯುವ ಸರಳ ವಿಧಾನ ಬಳಸಿದರೆ ಒತ್ತಡ ಚೆನ್ನಾಗಿಯೇ ಬರುತ್ತದೆ, ಆದರೆ ಇಳಿಜಾರು ಪ್ರತಿ ಚೌಕದ ಅಂಚಿನಲ್ಲೂ ಜಿಗಿಯುತ್ತದೆ. ನಮ್ಮ ಎಚ್ 0.03ರಷ್ಟು, ಜಿಗಿತವೂ ಅಷ್ಟೇ ಇರಬಹುದು. ಹೀಗೆ ಹುಟ್ಟಿದ ‘ಅಸ್ಥಿರ ವಲಯ’ಗಳನ್ನು ಗುರುತಿಸುವುದು ಸುಲಭ: ಜಾಲವನ್ನು ಅರ್ಧ ಚೌಕದಷ್ಟು ಸರಿಸಿದರೆ ಅವೂ ಸರಿಯುತ್ತವೆ.

ಇದಕ್ಕಿಂತ ನಯವಾಗಿ ಮೋಸ ಮಾಡುವುದು ಶಬ್ದವೇಗ. ಒತ್ತಡವನ್ನು ಒಂದು ಮಾದರಿಯಿಂದಲೂ ಶಕ್ತಿಯನ್ನು ಇನ್ನೊಂದರಿಂದಲೂ ತಂದು ಹೊಲಿದ ಕೋಷ್ಟಕದಲ್ಲಿ ಉಷ್ಣಗತಿಕ ಸಂಬಂಧಗಳು ತಾಳೆಯಾಗುವುದಿಲ್ಲ. ಆಗ ಗಾಮಾವನ್ನು ತಾಪದ ದಾರಿಯಿಂದ ಲೆಕ್ಕಹಾಕಿದರೆ ಒಂದು ಮೌಲ್ಯ, ಶಕ್ತಿಯ ದಾರಿಯಿಂದ ಹಾಕಿದರೆ ಇನ್ನೊಂದು. ಇವೆರಡರ ನಡುವೆ ಶೇಕಡಾ 1ರ ವ್ಯತ್ಯಾಸ ಬಂದರೆ, ಮೇಲಿನ ಉದಾಹರಣೆಯೇ ಹೇಳುವಂತೆ, ತೀರ್ಪು ತಿರುಗಬಹುದು. ಎಲ್ಲವನ್ನೂ ಒಂದೇ ಮುಕ್ತಶಕ್ತಿಯ ಅವಕಲನಗಳಾಗಿ ಪಡೆಯುವುದೊಂದೇ ಪರಿಹಾರ. ಎರಡು ದಾರಿಗಳ ಗಾಮಾ ಹೋಲಿಕೆ ತೋರಿಸದ ಸ್ಥಿರತಾ ನಕ್ಷೆಯನ್ನು ನಂಬಬೇಕಾಗಿಲ್ಲ.

ಇನ್ನೊಂದು ಎಡವಟ್ಟು ಬರುವುದು ಸರಾಸರಿ ಪರಮಾಣು ಮಾದರಿಗಳಲ್ಲಿ, ಅಂದರೆ ಬಗೆಬಗೆಯ ಅಯಾನುಗಳ ಬದಲು ಒಂದೇ ಸರಾಸರಿ ಪರಮಾಣುವನ್ನು ಲೆಕ್ಕಹಾಕುವ ಮಾದರಿಗಳಲ್ಲಿ. ದಟ್ಟಣೆ ಹೆಚ್ಚಿದಾಗ ಬಂಧಿತ ಮಟ್ಟವೊಂದು ಇದ್ದಕ್ಕಿದ್ದಂತೆ ಅಳಿಸಿಹೋದರೆ ಒತ್ತಡದಲ್ಲಿ ಮೆಟ್ಟಿಲು ಬೀಳುತ್ತದೆ. ಮಟ್ಟ ಕರಗಿ ಮುಕ್ತ ಸ್ಥಿತಿಗಳಲ್ಲಿ ಅನುರಣನವಾಗಿ ಉಳಿಯುವುದನ್ನು ಮಾದರಿ ಸರಿಯಾಗಿ ಎಣಿಸಬೇಕು. ಇಲ್ಲದಿದ್ದರೆ ಒತ್ತಡ ಅಯಾನೀಕರಣ ಉತ್ಪ್ರೇಕ್ಷೆಯಾಗಿ, ಇಲ್ಲದ ಶಬ್ದ ಉತ್ಸರ್ಜನೆ ಕಾಗದದ ಮೇಲೆ ಹುಟ್ಟುತ್ತದೆ.

ಕಂಪ್ಯೂಟರ್ ಅನುಕರಣೆಗೂ ಅದರದೇ ಭೂತವಿದೆ. ಜಾಲಕ್ಕೆ ಸಮಾನಾಂತರವಾಗಿ ನಿಂತ ಪ್ರಬಲ ಆಘಾತದ ಮೇಲೆ, ರೋ ಅಥವಾ ಎಚ್‌ಎಲ್‌ಎಲ್‌ಸಿ ಬಗೆಯ ಸೂಕ್ಷ್ಮ ಲೆಕ್ಕಾಚಾರ ವಿಧಾನಗಳು ‘ಕಾರ್ಬಂಕಲ್’ ಎಂಬ ಹುಸಿ ಗುಳ್ಳೆಗಳನ್ನು ಎಬ್ಬಿಸುತ್ತವೆ. ಇವು ಆದರ್ಶ ಅನಿಲದಲ್ಲೂ ಬರುತ್ತವೆ. ಹಾಗಾಗಿ ಮೊದಲ ಓಟ ಯಾವತ್ತೂ ಆದರ್ಶ ಅನಿಲದ್ದಾಗಿರಬೇಕು, ಅಲ್ಲಿ ಸುಕ್ಕು ಇಳಿಯುವುದು ಕಾಣಬೇಕು. ಆಮೇಲೆ ಜಾಲವನ್ನು ಓರೆಯಾಗಿ ತಿರುಗಿಸಿ, ಚೌಕಗಳನ್ನು ಅರ್ಧ ಮಾಡಿ ಮತ್ತೆ ಓಡಿಸಬೇಕು. ಚೌಕದ ಅಳತೆಯ ಸುಕ್ಕು ಚೌಕದ ಜೊತೆ ಕಿರಿದಾದರೆ ಅದು ಕಾರ್ಬಂಕಲ್. ತರಂಗದೂರವೊಂದಕ್ಕೆ 60ಕ್ಕಿಂತ ಕಡಿಮೆ ಚೌಕಗಳಿದ್ದರೆ ಸಂಖ್ಯಾತ್ಮಕ ಸ್ನಿಗ್ಧತೆಯೇ ಸುಕ್ಕನ್ನು ತಿಂದುಹಾಕಿ, ನಿಜವಾದ ಉತ್ಸರ್ಜನೆಯನ್ನೂ ಮರೆಮಾಡುವ ಅಪಾಯವಿದೆ. ಹಿಂಬದಿಯ ಗಡಿಯಿಂದ ಶಬ್ದ ತಿರುಗಿ ಬಂದು ಮುಖಕ್ಕೆ ತಟ್ಟುವಷ್ಟು ಹೊತ್ತು ಓಡಿಸಿದರೆ ಪ್ರಶ್ನೆಯೇ ಬದಲಾಗಿಬಿಡುತ್ತದೆ.

ಮುಖಕ್ಕೂ ದಪ್ಪವಿದೆ

ಮೇಲಿನದೆಲ್ಲ ಆಘಾತಮುಖವನ್ನು ದಪ್ಪವಿಲ್ಲದ ಹಾಳೆ ಎಂದು ಹಿಡಿದ ಲೆಕ್ಕ. ಪ್ಲಾಸ್ಮಾದಲ್ಲಿ ಮೊದಲು ಕಾಯುವುವು ಅಯಾನುಗಳು. ಹಗುರವಾದ ಎಲೆಕ್ಟ್ರಾನ್‌ಗಳು ಶಾಖವನ್ನು ಮುಂದಕ್ಕೆ ಒಯ್ದು ಮುಖದ ಎದುರೇ ಒಂದು ಬೆಚ್ಚನೆಯ ಪದರ ಹರಡುತ್ತವೆ. ಹಿಂದೆ ಎರಡರ ತಾಪ ಸಮವಾಗುವುದಕ್ಕೂ ಅಯಾನೀಕರಣ ಸಮತೋಲಕ್ಕೆ ಬರುವುದಕ್ಕೂ ಇನ್ನಷ್ಟು ದೂರ ಬೇಕು. ಘನವಸ್ತುವಿನ ಸಾಂದ್ರತೆಯಲ್ಲಿ ಇದು ಚಿಕ್ಕದು. ಸಮತೋಲಕ್ಕೆ 5 ಪಿಕೊಸೆಕೆಂಡ್ ಬೇಕಾದರೂ, ಮುಖದಿಂದ ಹಿಂದಕ್ಕೆ ಸೆಕೆಂಡಿಗೆ 10 ಕಿಲೋಮೀಟರ್ ವೇಗದಲ್ಲಿ ಸರಿಯುವ ಪ್ಲಾಸ್ಮಾ ಅಷ್ಟರಲ್ಲಿ ಸಾಗುವುದು 0.05 ಮೈಕ್ರಾನ್. 50 ಮೈಕ್ರಾನ್ ಸುಕ್ಕಿಗೆ ಇದು ಹಾಳೆಯೇ ಸರಿ.

ವಿರಳ ಅನಿಲದಲ್ಲಿ ಕಥೆ ಬೇರೆ. 1970ರ ದಶಕದಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಆಘಾತ ಕೊಳವೆಯಲ್ಲಿ ಮಾಕ್ 16ರ ಸುಮಾರಿನ ಆಘಾತವನ್ನು ಶುದ್ಧ ಆರ್ಗಾನ್‌ನಲ್ಲಿ ಹಾಯಿಸಿದಾಗ ಮುಖ ಅಲೆಅಲೆಯಾಗಿ ಕಂಡಿತು. ಅರ್ಧ ಶೇಕಡಾದಷ್ಟು ಹೈಡ್ರೋಜನ್ ಬೆರೆಸಿದ್ದೇ ತಡ, ಮುಖ ನೆಟ್ಟಗಾಯಿತು. ಅಯಾನೀಕರಣಕ್ಕೆ ಬೇಕಾದ ದೂರವೂ ಮೂರನೇ ಒಂದಕ್ಕೆ ಇಳಿಯಿತು. ಇಷ್ಟು ಚಿಟಿಕೆ ಹೈಡ್ರೋಜನ್ ಸಮತೋಲದ ಸ್ಥಿತಿ ಸಮೀಕರಣವನ್ನು ಹೆಚ್ಚೇನೂ ಬದಲಿಸಲಾರದು. ಬದಲಾದದ್ದು ಅಯಾನೀಕರಣದ ವೇಗ. ಅಂದರೆ ಅಲೆ ಕಂಡ ಮಾತ್ರಕ್ಕೆ ಡ್ಯಾಕೋವ್ ಹೆಸರು ಎತ್ತುವಂತಿಲ್ಲ. ಅಲೆಯ ತರಂಗದೂರವನ್ನು ಸಮತೋಲದ ದೂರದ ಪಕ್ಕದಲ್ಲಿಟ್ಟು ನೋಡಬೇಕು.

ವಿಕಿರಣದ ವಿಷಯದಲ್ಲೂ ಇದೇ ಎಚ್ಚರ ಬೇಕು. ವಜ್ರದೊಳಗೆ ಸೆಕೆಂಡಿಗೆ 50 ಕಿಲೋಮೀಟರ್ ವೇಗದಲ್ಲಿ ಸಾಗುವ ಆಘಾತದ ಹಿಂದೆ ಒತ್ತಡ ಸುಮಾರು 60 ಮೆಗಾಬಾರ್, ತಾಪ ಹತ್ತು-ಹನ್ನೆರಡು ಎಲೆಕ್ಟ್ರಾನ್ ವೋಲ್ಟ್. ಮುಖ ಹೊರಸೂಸುವ ವಿಕಿರಣ, ಹರಿದು ಬರುವ ಚಲನಶಕ್ತಿಯ ಹತ್ತು ಸಾವಿರದಲ್ಲೊಂದು ಪಾಲು. ಇದೇ ವೇಗವನ್ನು ವಾಯುಭಾರ ಒತ್ತಡದ ಕ್ಸೆನಾನ್ ಅನಿಲದಲ್ಲಿ ಕೊಟ್ಟರೆ ಎರಡೂ ಒಂದೇ ಮಟ್ಟಕ್ಕೆ ಬರುತ್ತವೆ. ಅನಿಲ ವಿಕಿರಣದಿಂದ ತಣಿದು ತೆಳು ಚಿಪ್ಪಾಗಿ ಕುಸಿಯುತ್ತದೆ, ಆಗ ಮೇಲೆ ಬರುವುದು ವಿಷ್ನಿಯಾಕ್ 1983ರಲ್ಲಿ ವಿವರಿಸಿದ ತೆಳುಚಿಪ್ಪಿನ ಅಸ್ಥಿರತೆ. ಅಮೆರಿಕದ ನೌಕಾ ಸಂಶೋಧನಾ ಪ್ರಯೋಗಾಲಯದಲ್ಲಿ 1991ರಲ್ಲಿ ಪ್ರಕಟವಾದ ಲೇಸರ್ ಸ್ಫೋಟ ಪ್ರಯೋಗದಲ್ಲಿ ನೈಟ್ರೋಜನ್‌ನ ಸ್ಫೋಟ ತರಂಗ ನುಣುಪಾಗಿ ಹರಡಿತು, ಕ್ಸೆನಾನ್‌ನದು ಸುಕ್ಕುಗಟ್ಟಿ ಬೆಳೆಯಿತು. ಪರಿಣಾಮಕಾರಿ ಗಾಮಾ ನೈಟ್ರೋಜನ್‌ನಲ್ಲಿ ಸುಮಾರು 1.3, ಕ್ಸೆನಾನ್‌ನಲ್ಲಿ 1.06. ವಿಕಿರಣದಿಂದ ತಣಿಯುವ ಆಘಾತ ಹಿಂದೆ-ಮುಂದೆ ಉಸಿರಾಡುವಂತೆ ಆಂದೋಲಿಸುವ ಇನ್ನೊಂದು ಬಗೆಯೂ ಇದೆ. ತಣಿಯುವ ದರ ತಾಪದ 0.4 ಘಾತಕ್ಕಿಂತ ನಿಧಾನವಾಗಿ ಏರಿದರೆ ಮೂಲ ಆಂದೋಲನವೇ ಬೆಳೆಯುತ್ತದೆ ಎಂದು 1982ರಲ್ಲಿ ಶೆವಲಿಯರ್ ಮತ್ತು ಇಮಾಮುರಾ ತೋರಿಸಿದರು. ಇವೆರಡೂ ಶಕ್ತಿ ಸೋರಿಹೋಗುವುದರಿಂದ ಹುಟ್ಟುವುವು. ಎಚ್ ಲೆಕ್ಕ ಇವನ್ನು ಹಿಡಿಯುವುದಿಲ್ಲ.

ಪ್ರಯೋಗದಲ್ಲಿ ನೋಡಬೇಕೆಂದರೆ

ಗುಳಿಗೆಗಳಲ್ಲಿ ಇವತ್ತು ಕಾಣುವ ಸುಕ್ಕಿನ ಬಹುಪಾಲು ಮೂಲ ಬೇರೆಡೆ ಇದೆ. ಲೇಸರ್ ಕಲೆಗಳ ಅಚ್ಚು, ಇಂಧನ ತುಂಬುವ ನಳಿಕೆ, ಚಿಪ್ಪಿನೊಳಗಿನ ಟೊಳ್ಳುಗಳು. ವಜ್ರ ಸುಮಾರು 6ರಿಂದ 10.5 ಮೆಗಾಬಾರ್ ನಡುವೆ ಕರಗುತ್ತದೆ. ಮೊದಲ ಆಘಾತ ಆ ನಡುವೆ ಸಿಕ್ಕಿಬಿದ್ದರೆ ಅರೆಬರೆ ಕರಗಿದ ಹರಳುಗಳು ಮುಖವನ್ನು ತರಚುತ್ತವೆ. ಅದಕ್ಕೇ ಮೊದಲ ಆಘಾತವನ್ನು 12 ಮೆಗಾಬಾರ್ ಸುಮಾರಿಗೆ ಏರಿಸುತ್ತಾರೆ, ಇಂಧನ ಸ್ವಲ್ಪ ಹೆಚ್ಚು ಬಿಸಿಯಾದರೂ ಸರಿ ಎಂದು. ಈ ಗದ್ದಲದ ನಡುವೆ ಸ್ವಯಂಪ್ರೇರಿತ ಉತ್ಸರ್ಜನೆಯನ್ನು ಬೇರ್ಪಡಿಸಬೇಕೆಂದರೆ ಅದಕ್ಕೆಂದೇ ಕಟ್ಟಿದ ಸಪಾಟು ಗುರಿ ಬೇಕು.

ಹಿಂದಿನ ಉದಾಹರಣೆಯ ಅಂಕಿಗಳನ್ನೇ ಇಡೋಣ: ವೇಗ ಸೆಕೆಂಡಿಗೆ 50 ಕಿಲೋಮೀಟರ್, ಸ 4.75, ಗಾಮಾ 1.60, ಸುಕ್ಕಿನ ತರಂಗದೂರ 50 ಮೈಕ್ರಾನ್, ಆರಂಭದ ಎತ್ತರ 5 ಮೈಕ್ರಾನ್. 10 ನ್ಯಾನೊಸೆಕೆಂಡ್‌ನಲ್ಲಿ ಆಘಾತ ಹತ್ತು ತರಂಗದೂರ ಸಾಗುತ್ತದೆ. ಅಷ್ಟರಲ್ಲಿ ಗುರಿಯ ಅಂಚುಗಳಿಂದ ಸಡಿಲಿಕೆಯ ತರಂಗ (ಒತ್ತಡ ಇಳಿಸುವ ಅಲೆ) ಪ್ರತಿ ಬದಿಯಲ್ಲೂ ಸುಮಾರು 240 ಮೈಕ್ರಾನ್ ಒಳನುಗ್ಗಿರುತ್ತದೆ; ಒಂದು ಮಿಲಿಮೀಟರ್ ಅಗಲದ ಗುರಿಯಲ್ಲಿ ಕೆಡದೆ ಉಳಿಯುವುದು ನಡುವಿನ ಹತ್ತು ಸುಕ್ಕುಗಳು. ವೇಗದ ಇಳಿತವಿದ್ದರೆ ಸುಕ್ಕು 0.01 ಮೈಕ್ರಾನ್‌ಗೆ ಬಂದಿರುತ್ತದೆ, ಗಡಿಯ ಮೇಲಿದ್ದರೆ 0.6 ಮೈಕ್ರಾನ್‌ನಲ್ಲಿರುತ್ತದೆ. ಹತ್ತು ಮೈಕ್ರಾನ್ ಸ್ಪಷ್ಟತೆಯ ಎಕ್ಸ್‌ರೇ ಚಿತ್ರಕ್ಕೆ ಎರಡೂ ಕಾಣವು. ಆದರೆ 0.6 ಮೈಕ್ರಾನ್ ತೂಗಾಟ ಎಂದರೆ ಮುಖದ ವೇಗದಲ್ಲಿ ಸೆಕೆಂಡಿಗೆ 1.8 ಕಿಲೋಮೀಟರ್ ಏರಿಳಿತ, ಅಂದರೆ ಶೇಕಡಾ 3.5. ಮುಖದಿಂದ ಪ್ರತಿಫಲಿಸಿದ ಬೆಳಕಿನಿಂದ ವೇಗ ಅಳೆಯುವ ವೈಸಾರ್ ಉಪಕರಣ ಶೇಕಡಾ ಒಂದರ ಮಟ್ಟದಲ್ಲಿ ಅಳೆಯಬಲ್ಲದು, ಆದ್ದರಿಂದ ಅದು ಕೈಗೆಟಕುವ ಅಳತೆಯೇ.

ಅಡ್ಡಿ ಇರುವುದು ಎರಡು ಕಡೆ. ವೈಸಾರ್‌ಗೆ ಆಘಾತದ ಮುಂದಿರುವ ಪದಾರ್ಥ ಪಾರದರ್ಶಕವಾಗಿ ಉಳಿಯಬೇಕು. ಲೇಸರ್ ತಾಗಿದ ಮೇಲ್ಮೈಯಿಂದ ಬರುವ ಎಕ್ಸ್‌ರೇ ಅದನ್ನು ಮೊದಲೇ ಕಾಯಿಸಿದರೆ ಉಪಕರಣ ಕುರುಡಾಗುತ್ತದೆ. ನಡುವೆ ಚಿನ್ನದಂಥ ಭಾರ ಲೋಹದ ಪದರ ಹಾಕಿ ತಡೆದರೆ ಆ ಪದರದಿಂದಲೇ ಶಬ್ದ ಪ್ರತಿಫಲಿಸಿ ಬಂದು ಮುಖಕ್ಕೆ ತಟ್ಟುತ್ತದೆ, ಅದರ ಹೊತ್ತನ್ನು ಬೇರೆ ಲೆಕ್ಕಹಾಕಬೇಕು. ಎರಡನೆಯದು ಒತ್ತಡದ ಸ್ಥಿರತೆ. ಉತ್ಸರ್ಜನೆಯ ವಲಯವೇ ಒತ್ತಡದಲ್ಲಿ ಮೂರು ಪಟ್ಟಿನಷ್ಟು ಅಗಲ ಎಂದಿಟ್ಟುಕೊಂಡರೂ, ಲೇಸರ್ ಬಲ ಕುಗ್ಗುತ್ತಾ ಹೋದರೆ ಆಘಾತ ಹ್ಯೂಗೊನಿಯೋ ಉದ್ದಕ್ಕೂ ಕೆಳಗೆ ಜಾರಿ, ಹತ್ತು ನ್ಯಾನೊಸೆಕೆಂಡ್ ಮುಗಿಯುವ ಮೊದಲೇ ವಲಯದ ಹೊರಗೆ ಬಂದಿರುತ್ತದೆ. ಹಾಗಾಗಿ ಸುಕ್ಕಿನ ಗುರಿಯ ಪಕ್ಕದಲ್ಲೇ ಸುಕ್ಕಿಲ್ಲದ ಒಂದು ಪಟ್ಟಿ ಬಿಟ್ಟು, ಅಲ್ಲಿ ಆಘಾತದ ವೇಗ ಶುರುವಿನಿಂದ ಕೊನೆಯವರೆಗೆ ಎಷ್ಟು ಕುಸಿಯಿತು ಎಂಬುದನ್ನು ಅದೇ ಹೊಡೆತದಲ್ಲಿ ದಾಖಲಿಸಿಕೊಳ್ಳಬೇಕು.